ಮೆಕ್ಸಿಕೋ ಕಪ್‌ನ ಹಸಿರು ರಿಬ್ಬನ್

“ಕಟ್ಟಿಬಿಡಿ ದೋನ್ಯಾ ರೆಫುಹಿಯಾ, ಇದೊಂದು ಪೆನಾಲ್ಟಿ ತಡೆದ್ರೆ ಕಪ್ ನಮ್ದೇ,” ಅಂದ ಕ್ಲಬ್ಬಿನ ಕಾರ್ಯದರ್ಶಿ. ಮೈದಾನದಂಚಿನಲ್ಲಿ ಕಪ್ ಪಕ್ಕ ನಿಂತಿದ್ದ ರೆಫುಹಿಯಾ, ಕ್ಲಬ್ಬಿನ ಬಣ್ಣದ ಹಸಿರು ರಿಬ್ಬನ್ನನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಗೋಲಿನಲ್ಲಿ ನಿಂತವನು ಅವಳ ಮಗ ಇಲಾರಿಯೋ.

“ಆಟ ಮುಗಿಯೋ ಮೊದ್ಲೇ ಬಣ್ಣ ಕಟ್ಟಿದ್ರೆ ಕಪ್ ಕೈತಪ್ಪತ್ತೆ ಕಣಪ್ಪಾ, ಬೇಡ.”

“ಅಜ್ಜಿ ಕಾಲದ ಮಾತು ಬಿಡಿ, ಫೋಟೋದವ್ರು ಕಾಯ್ತಿದ್ದಾರೆ!” ಎಂದವನೇ ರಿಬ್ಬನ್ ಕಿತ್ತುಕೊಂಡು ಕಪ್‌ನ ಹಿಡಿಗೆ ಬಿಗಿದ.

ಇಲಾರಿಯೋ ತಿರುಗಿ ನೋಡಿದ. ಕಪ್ ಮೇಲೆ ಹಸಿರು ಕಂಡದ್ದೇ ಮುಖ ಬಿಳಿಚಿಕೊಂಡಿತು. ರೆಫರಿ ಸೀಟಿಯನ್ನು ಬಾಯಿಗಿಟ್ಟ.

ಗಂಟು ಬೆರಳಿಗೆ ಬಗ್ಗಲಿಲ್ಲ. ರೆಫುಹಿಯಾ ಬಾಗಿ, ಹಲ್ಲಿನಲ್ಲೇ ಕಚ್ಚಿ ರಿಬ್ಬನ್ ಹರಿದಳು. “ಹೆತ್ತ ತಾಯೇ ನಮ್ಮ ಬಣ್ಣ ಕಿತ್ತಳಲ್ಲೋ!” ಎಂದು ಗ್ಯಾಲರಿ ಬೊಬ್ಬೆ ಹಾಕಿತು. ಬರಿದಾದ ಕಪ್ ಕಂಡ ಇಲಾರಿಯೋ ಮಾತ್ರ ನಿರಾಳವಾಗಿ ಉಸಿರು ಬಿಟ್ಟು, ಎರಡೂ ಕೈ ಅಗಲಿಸಿ ಚೆಂಡಿಗೆ ಎದುರಾಗಿ ನಿಂತ.