ಬೇಲಿಯಾಚೆಯ ಭಕ್ತಿ

ಮಕ್ಕಳ ಬೇಸ್‌ಬಾಲ್ ಲೀಗಿನ ಐವತ್ತು ವರ್ಷದ ಚರಿತ್ರೆಯಲ್ಲಿ ಅಂಪೈರುಗಳ ಮೇಲೆ ದೂರು ಬಂದಿದೆ, ಬಾಯಿಗೆ ಬಂದಂತೆ ಕೂಗಾಡಿದ ಅಪ್ಪಂದಿರ ಮೇಲೆ ಬಂದಿದೆ, ಚೆಂಡು ಕಚ್ಚಿಕೊಂಡು ಓಡಿದ ಒಂದು ನಾಯಿಯ ಮೇಲೂ ಬಂದಿದೆ. ಅಜ್ಜಿಯ ಮೇಲೆ ಬಂದದ್ದು ಇದೇ ಮೊದಲು.

ಆ ಅಜ್ಜಿ, ಅಂದರೆ ಸುಮಿತ್ರಮ್ಮ, ಸ್ಟ್ರೀಟ್ಸ್‌ವಿಲ್‌ನ ಒಂದು ಸಭಾಭವನದಲ್ಲಿ ಲೀಗಿನ ಸಮಿತಿಯ ಎದುರು ಕೂತಿದ್ದರು. ಸೀರೆಯ ಮೇಲೆ ಸ್ವೆಟರು, ಹಣೆಯಲ್ಲಿ ಕುಂಕುಮ, ಮುಖದಲ್ಲಿ ಪಾಪ ಅನ್ನಿಸುವಂಥ ಸಂಕೋಚ. ಮೈಸೂರಿನಿಂದ ಕೆನಡಾದ ಮಗನ ಮನೆಗೆ ಬಂದು ಒಂದು ಬೇಸಿಗೆಯೂ ಪೂರ್ತಿ ಕಳೆದಿರಲಿಲ್ಲ. ಅವರ ಒಂದು ಪಕ್ಕದಲ್ಲಿ ಸೊಸೆ ಚಿತ್ರಾ, ಇನ್ನೊಂದು ಪಕ್ಕದಲ್ಲಿ ಮೊಮ್ಮಗಳು ಪ್ರಕೃತಿ. ಮೇಜಿನ ಮೇಲೆ ಟ್ರೋಫಿ.

ಎಲ್ಲ ತಾಪತ್ರಯಕ್ಕೂ ಆ ಟ್ರೋಫಿಯೇ ಮೂಲ. ಎರಿನ್ ಮಿಲ್ಸ್‌ನ ಮಿಟನ್ಸ್ ತಂಡ ಲೀಗ್ ಹುಟ್ಟಿದಾಗಿನಿಂದ ಆಡುತ್ತಲೇ ಇದೆ, ಸೋಲುತ್ತಲೂ ಇದೆ. ಹೋದ ಶನಿವಾರ ಮೊದಲ ಸಲ ಫೈನಲ್ ಗೆದ್ದಿತು. ಗೆಲುವಿನ ಹೊಡೆತ ತಂಡದ ಒಬ್ಬಳೇ ಹುಡುಗಿಯದು, ಹದಿನಾಲ್ಕರ ಪ್ರಕೃತಿಯದು. ಫೈನಲ್ ಗೆಲ್ಲಿಸಿದವರ ಹೆಸರನ್ನು ಭವನದ ಗೋಡೆಯ ಫಲಕದಲ್ಲಿ ಕೆತ್ತಿಸುವುದು ಲೀಗಿನ ಪದ್ಧತಿ. ಅಲ್ಲಿ ಇವತ್ತಿನವರೆಗೆ ಒಬ್ಬ ಹುಡುಗಿಯ ಹೆಸರೂ ಇಲ್ಲ. ದೂರು ನಿಜವೆಂದಾದರೆ ಗೆಲುವು ರದ್ದು, ಇವಳ ಹೆಸರೂ ಇಲ್ಲ. ಹುಡುಗಿ ಬೆಳಗಿನಿಂದ ಒಂದು ತುತ್ತೂ ಮುಟ್ಟಿರಲಿಲ್ಲ.

ದೂರು ಕೊಟ್ಟವನು ಸೋತ ತಂಡದ ಕೋಚ್ ಬ್ರಯನ್. ವಿಟ್ಬಿಯವನು, ಮುಂಗೋಪಿ.

"ಪ್ರತಿ ಎಸೆತಕ್ಕೂ ಮೊದಲು, ಬ್ಯಾಟ್ ಹಿಡಿದವರ ಹಿಂದೆ ಕೂತ ನಮ್ಮ ಕ್ಯಾಚರ್ ಕೆಳಗೆ ಬೆರಳು ತೋರಿಸಿ ಚೆಂಡೆಸೆಯುವ ಪಿಚರ್‌ಗೆ ಹೇಳುತ್ತಾನೆ, ನೇರ ಚೆಂಡೋ, ತಿರುಗುವ ಕರ್ವೋ ಅಂತ. ಅದನ್ನು ಹೊರಗಿನವರು ಕದ್ದು ನೋಡಿ ಬ್ಯಾಟ್ ಹಿಡಿದವಳಿಗೆ ತಿಳಿಸಿದರೆ ಆಟ ಮುಗಿಯಿತು, ಅದು ಮೋಸ. ಎಲ್ಲ ಮನೆಯವರೂ ಬ್ಯಾಟಿಂಗ್ ಮಾಡುವವರ ಹಿಂದೆ ಬೆಂಚಿನಲ್ಲಿ ಕೂತಿದ್ದರು. ಈ ಅಜ್ಜಿ ಮಾತ್ರ ಮೈದಾನದ ಆ ತುದಿಗೆ, ಬೇಲಿಯಾಚೆ, ಕ್ಯಾಚರ್‌ಗೆ ನೇರ ಎದುರು ಕುರ್ಚಿ ಹಾಕಿಕೊಂಡಿದ್ದರು. ಯಾಕೆ?"

"ಅಲ್ಲಿ ಮರದ ನೆರಳಿತ್ತು," ಎಂದಳು ಚಿತ್ರಾ.

ಬ್ರಯನ್ ವಿಡಿಯೊ ಹಾಕಿದ. ಅಜ್ಜಿ ಎರಡೂ ಕೆನ್ನೆ ತಟ್ಟಿಕೊಂಡರು. ಪ್ರಕೃತಿ ಬ್ಯಾಟು ಬೀಸಿದಳು. ಅಜ್ಜಿ ಕೈ ಕತ್ತರಿ ಮಾಡಿ ಎರಡೂ ಕಿವಿ ಹಿಡಿದರು. ಪ್ರಕೃತಿ ಚೆಂಡನ್ನು ಬಿಟ್ಟಳು. ಸಮಿತಿಯ ಅಧ್ಯಕ್ಷೆ ಮೌರೀನ್ ಕನ್ನಡಕ ಸರಿಮಾಡಿಕೊಂಡು ಅಜ್ಜಿಯನ್ನೇ ದಿಟ್ಟಿಸಿದಳು.

ಆಗ ಎದ್ದು ನಿಂತವನು ಚಂದ್ರಮೋಹನ. ಸಮಿತಿಯವರು ವಿಷಯ ಅರ್ಥಮಾಡಿಕೊಳ್ಳಲೆಂದು ಕನ್ನಡ ಸಂಘದಿಂದ ಕರೆಸಿದ ಮನುಷ್ಯ. ಹೊಟ್ಟೆಪಾಡಿಗೆ ಸಾಫ್ಟ್‌ವೇರ್, ಸಂತೋಷಕ್ಕೆ ಭಾಷಣ. ಬೇಸ್‌ಬಾಲ್ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅದು ಕ್ರಿಕೆಟ್ ಅಲ್ಲ ಎಂಬುದಷ್ಟೇ.

"ಇದು ಪ್ರಾರ್ಥನೆ!" ಎಂದ. ಕೆನ್ನೆ ತಟ್ಟಿಕೊಳ್ಳುವುದು ತಪ್ಪಾಯಿತು ದೇವರೇ ಎನ್ನುವುದಕ್ಕೆ. ಕಿವಿ ಹಿಡಿಯುವುದು ಗಣಪತಿಗೆ. ಹೇಳಿ ಸಮಾಧಾನವಾಗದೆ ಅಲ್ಲೇ ಕಿವಿ ಹಿಡಿದು ಬಸ್ಕಿಯನ್ನೂ ಹೊಡೆದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಊರಿನಲ್ಲಿ ಅವನ ಅಜ್ಜಿಯೂ ಹೀಗೆಯೇ ಮಾಡುತ್ತಿದ್ದಳು.

ಬ್ರಯನ್ ಬಿಡಲಿಲ್ಲ. "ಅವರಿಗೆ ನಮ್ಮ ಹುಡುಗನ ಬೆರಳು ಕಾಣುತ್ತಿತ್ತು."

"ಎಪ್ಪತ್ತು ದಾಟಿದವರು! ಇಲ್ಲಿಗೆ ಬರುವ ಮುಂಚೆಯಷ್ಟೇ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ," ಎಂದು, ಚಿತ್ರಾಳಿಂದ ಮೊದಲೇ ಕೇಳಿ ತಿಳಿದಿದ್ದ ಚಂದ್ರಮೋಹನ ಗದರಿದ. ಸಮಿತಿಯವರು ಅಯ್ಯೋ ಎಂಬಂತೆ ತಲೆಯಾಡಿಸಿದರು. ಬ್ರಯನ್ನನ ಮುಖ ಕೆಂಪಾಯಿತು.

ಸುಮಿತ್ರಮ್ಮ ಚಂದ್ರಮೋಹನನತ್ತ ತಿರುಗಿ ಮೊದಲ ಸಲ ಬಾಯಿಬಿಟ್ಟರು. "ಏನಪ್ಪಾ, ಆ ಕ್ಯಾಚರ್ ಹುಡುಗ ಉಗುರಿಗೆ ಹಳದಿ ಬಣ್ಣ ಹಚ್ಕೊಂಡಿದ್ನಲ್ಲ, ತುಂಬಾ ಚೆನ್ನಾಗಿತ್ತು ಅಂತ ಹೇಳಪ್ಪ."

ಗಂಡುಹುಡುಗನ ಉಗುರಿನ ಮಾತು ಈಗೇಕೆ ಎಂದು ಚಂದ್ರಮೋಹನನಿಗೆ ಕಸಿವಿಸಿಯಾಯಿತು. "ನಿಮ್ಮ ಹುಡುಗರಿಗೂ ಒಳ್ಳೆಯದಾಗಲಿ ಅನ್ನುತ್ತಿದ್ದಾರೆ," ಎಂದು ಇಂಗ್ಲಿಷಿನಲ್ಲಿ ಅನುವಾದಿಸಿದ. ಚಿತ್ರಾ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಅದುರುತ್ತಿತ್ತು. ಮೌರೀನ್ ಟಿಶ್ಯೂ ಡಬ್ಬಿಯನ್ನು ಅವಳತ್ತ ಸರಿಸಿದಳು.

ಚಂದ್ರಮೋಹನ ವಿಡಿಯೊವನ್ನು ಮತ್ತೆ ಹಾಕಿಸಿದ. ಒಂದು ಕಡೆ ನಿಲ್ಲಿಸಿದ. ಅಲ್ಲಿ ಅಜ್ಜಿ ಕಿವಿ ಹಿಡಿದಿದ್ದರು. ಆದರೂ ಪ್ರಕೃತಿ ಬೀಸಿದ್ದಳು, ಚೆಂಡು ತಪ್ಪಿತ್ತು.

"ಸಿಗ್ನಲ್ ಆಗಿದ್ದರೆ ಈ ಮಗು ಇದಕ್ಕೆ ಯಾಕೆ ಬೀಸುತ್ತಿತ್ತು?"

ಬ್ರಯನ್ ವಿಡಿಯೊ ಆರಿಸಿ ಕೂತುಕೊಂಡ.

ತೀರ್ಪಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಟ್ರೋಫಿ ಮಿಟನ್ಸ್ ತಂಡಕ್ಕೇ. ಫಲಕದಲ್ಲಿ ಪ್ರಕೃತಿಯ ಹೆಸರು. ಅದೂ ಸಾಲದೆಂಬಂತೆ ಲೀಗಿನ ನಿಯಮಗಳಿಗೆ ಹೊಸದೊಂದು ಸೇರಿತು: ಪ್ರೇಕ್ಷಕರು ಅವರವರ ಧರ್ಮದಂತೆ ಪ್ರಾರ್ಥಿಸುವುದಕ್ಕೆ ಇನ್ನು ಮುಂದೆ ಯಾರೂ ಅಡ್ಡಿಪಡಿಸಕೂಡದು. ಬ್ರಯನ್ ತಾನಾಗಿಯೇ ಬಂದು ಅಜ್ಜಿಗೆ ಕೈಮುಗಿದ. ಅವರು ಅವನ ತಲೆ ಸವರಿದರು.

ಪಾರ್ಕಿಂಗ್ ಲಾಟಿನವರೆಗೂ ಚಂದ್ರಮೋಹನ ಜೊತೆಯಲ್ಲೇ ಬಂದ. "ಅಮ್ಮಾ, ಇಂಥ ಭಕ್ತಿ ಈ ಕಾಲದಲ್ಲಿ ಎಲ್ಲಿದೆ? ಸಂಡೇ ಟೆಂಪಲ್ಲಿಗೆ ಬನ್ನಿ, ನಾನೇ ರೈಡ್ ಕೊಡ್ತೀನಿ."

"ದೇವಸ್ಥಾನಕ್ಕೆ ಹೋಗಿ ಬಹಳ ವರ್ಷ ಆಯ್ತಪ್ಪ. ನೋಡೋಣ," ಎಂದರು ಸುಮಿತ್ರಮ್ಮ. ಎಂಥ ವಿನಯ ಎಂದುಕೊಂಡ ಅವನು.

ಕಾರಿನ ಬಾಗಿಲು ಮುಚ್ಚಿತು. ಪ್ರಕೃತಿ ಅಜ್ಜಿಯ ಕೊರಳಿಗೆ ಜೋತುಬಿದ್ದಳು. "ಅಜ್ಜೀ, ಮೈ ನೇಮ್ ವಿಲ್ ಬಿ ಆನ್ ದಟ್ ವಾಲ್!"

"ಸಾಕು ಸುಮ್ನಿರೇ," ಸುಮಿತ್ರಮ್ಮ ಅವಳ ಕೈ ಬಿಡಿಸಿದರು. "ಕಿವಿ ಹಿಡಿದ್ರೆ ಕರ್ವು, ಬೀಸಬೇಡ ಅಂತ ಎಷ್ಟು ಸಲ ಹೇಳಿದೀನಿ? ನಾನು ಯೂನಿವರ್ಸಿಟಿ ಸಾಫ್ಟ್‌ಬಾಲ್ ಟೀಮಲ್ಲಿ ಕ್ಯಾಚರ್ರೂ ಕ್ಯಾಪ್ಟನ್ನೂ ಆಗಿದ್ದಾಗ ಯಾವಳಾದ್ರೂ ಹೀಗೆ ಸಿಗ್ನಲ್ ಮರೆತಿದ್ರೆ, ಆವತ್ತೇ ಬೆಂಚಲ್ಲಿ ಕೂರಿಸ್ತಿದ್ದೆ!"