ತಮ್ಮನ ಕಾವಲು

ಇನ್ನೊಂದು ತುತ್ತು ಬಾಯಿಗಿಡುವಷ್ಟರಲ್ಲಿ ಹರಿಣಾಕ್ಷಿಯ ಮುಂಗೈ ತುಂಬ ಕೆಂಪು ದದ್ದುಗಳು ಎದ್ದವು. ಮಗಳು ತನ್ವಿ ತಟ್ಟೆ ಬಿಟ್ಟು ಎದ್ದು, "ಮಮ್ಮಿ, ಯೇ ಕ್ಯಾ ಹೋ ಗಯಾ ಹಾತ್ ಪೇ?" ಎಂದು ಕಿರುಚಿದಳು. ಎದುರಿಗೆ ಕುಳಿತು ಬರಿಯ ಸಾರನ್ನ ಉಣ್ಣುತ್ತಿದ್ದ ತಮ್ಮ ದಯಾನಂದ ತಲೆಯೆತ್ತಿ ನೋಡಿದ. ಅಕ್ಕನ ತುಟಿ ಊದಿಕೊಳ್ಳುತ್ತಿತ್ತು.

ಊರು ಬಿಟ್ಟು ಬಂದು ನೆಲೆಸಿದ ಮಹಾನಗರದ ಕೋಪರಿ ಬಡಾವಣೆಯ ಆ ಮನೆಯಲ್ಲಿ ಬೆಳಗಿನಿಂದ ಹಬ್ಬದ ಕಳೆ ಇತ್ತು. ರಕ್ತದ ಕ್ಯಾನ್ಸರ್ ಆಗಿದ್ದ ಹರಿಣಾಕ್ಷಿಗೆ ಹಿಂದಿನ ವರ್ಷ ತಮ್ಮನ ಅಸ್ಥಿಮಜ್ಜೆ ಹಾಕಿದ್ದರು. ಅಲ್ಲಿಂದೀಚೆಗೆ ಸಪ್ಪೆ ಊಟ, ಮುಖಕ್ಕೆ ಮಾಸ್ಕ್, ಬಾಗಿಲಾಚೆಯೇ ನಿಂತು ಮಾತಾಡಿಸುವ ನೆಂಟರು. ಇನ್ನು ಎಲ್ಲವನ್ನೂ ತಿನ್ನಬಹುದು ಎಂದು ಡಾಕ್ಟರು ಹೇಳಿದ್ದೇ ತಡ, ಸೀಗಡಿ ಸುಕ್ಕಕ್ಕೆ ತಾನೇ ಮಸಾಲೆ ಅರೆದಿದ್ದಳು. ಆದರೆ ಮೈಮೇಲೆ ದದ್ದು ಎದ್ದರೆ ಒಂದು ಗಳಿಗೆಯೂ ತಡಮಾಡದೆ ಬನ್ನಿ, ಹೊಸ ಮಜ್ಜೆ ಇವರ ಮೈಮೇಲೆಯೇ ತಿರುಗಿಬಿದ್ದಿರಬಹುದು ಎಂದೂ ಅದೇ ಡಾಕ್ಟರು ಎಚ್ಚರಿಸಿದ್ದರು.

ದಯಾನಂದ ಎಂಜಲು ಕೈಯಲ್ಲೇ ಓಡಿ ರಿಕ್ಷಾ ತಂದ. ಸೇತುವೆಯ ಮೇಲೆ ವಾಹನಗಳು ನಿಂತಲ್ಲೇ ನಿಂತಿದ್ದವು.

"ಅಕ್ಕ, ಎಂತ ಆಗ್ತಾ ಉಂಟು? ಹೇಳು."

"ಗಂಟಲೊಳಗೆ ಯಾರೋ ಕೂದಲು ಹಾಕಿ ಎಳೆದ ಹಾಗೆ ಮಾರಾಯ. ಕಿವಿಯ ಒಳಗೂ ತುರಿಸ್ತದೆ."

ಆ ಕೂದಲಿನ ಎಳೆತ ದಯಾನಂದನಿಗೆ ಚೆನ್ನಾಗಿ ಗೊತ್ತಿತ್ತು. ಮೀನಿಲ್ಲದೆ ಅನ್ನ ಇಳಿಯದ ಮನೆಯಲ್ಲಿ ಹುಟ್ಟಿ, ಸೀಗಡಿಯ ಒಂದು ಚೂರು ಬಾಯಿಗೆ ಹೋದರೂ ಊದಿಕೊಳ್ಳುತ್ತಿದ್ದವನು ಅವನೊಬ್ಬನೇ. ಚಿಕ್ಕಂದಿನಿಂದ ತೆಳ್ಳಗಿನ ಮೈ. ಮಜ್ಜೆ ಕೊಡಲು ಹೊರಟಾಗಲೂ ದೊಡ್ಡಪ್ಪ, "ಇವನದ್ದು ಹಾಕಿದ್ರೆ ಅವಳು ಉಳಿದ ಹಾಗೆಯೇ" ಎಂದು ನಕ್ಕಿದ್ದರು. ಆದರೂ ಇಡೀ ಕುಟುಂಬದಲ್ಲಿ ಹೊಂದಿದ್ದು ಅವನದೇ. ಈಗ ಅಕ್ಕನ ಕೈ ಹಿಡಿದು ಕುಳಿತವನು ತನ್ನನ್ನೇ ಕೇಳಿಕೊಂಡ: ನನ್ನ ಕೊರತೆಯನ್ನೂ ಇವಳ ಮೈಗೆ ತುಂಬಿಬಿಟ್ಟೆನೇ?

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿಗೆ ದದ್ದುಗಳು ಮಾಸತೊಡಗಿದವು, ಉಸಿರು ಸಲೀಸಾಯಿತು. ಆಗ ದಯಾನಂದ, ಅಕ್ಕನನ್ನು ಮೊದಲಿನಿಂದ ನೋಡುತ್ತಿದ್ದ ಡಾಕ್ಟರಮ್ಮನ ಹತ್ತಿರ ಹೋಗಿ, ತಪ್ಪು ಮಾಡಿದವನ ದನಿಯಲ್ಲಿ, "ಮೇಡಂ, ಸೀಗಡಿ ತಿಂದರೆ ನನಗೂ ಹೀಗೇ ಆಗುತ್ತದೆ" ಎಂದು ಹಿಂದಿಯಲ್ಲಿ ಹೇಳಿದ.

ಆಕೆ ತಟ್ಟನೆ ತಿರುಗಿದರು. "ನಿಮಗಾ? ಹಾಗಾದರೆ ಇದು ನಾವು ಹೆದರಿದ್ದಲ್ಲ. ಅದಾಗಿದ್ದರೆ ಒಂದು ಇಂಜೆಕ್ಷನ್‌ಗೆ ಇಳಿಯುತ್ತಿರಲಿಲ್ಲ. ರೋಗಾಣು ಬಂದಾಗ ಗುರುತು ಹಿಡಿದು ಹೊಡೆಯುವ ಬಿಳಿ ರಕ್ತಕಣಗಳು ಹುಟ್ಟುವುದೇ ಮಜ್ಜೆಯಲ್ಲಿ. ಇವರ ಹಳೆಯ ಕಣಗಳನ್ನು ನಾವೇ ಔಷಧಿ ಕೊಟ್ಟು ಅಳಿಸಿದ್ದೆವು. ಈಗ ಇವರ ಮೈ ಕಾಯುತ್ತಿರುವುದು ನಿಮ್ಮವು. ಸೀಗಡಿಯನ್ನು ಶತ್ರು ಎಂದು ತಿಳಿಯುವ ಅಭ್ಯಾಸವನ್ನೂ ಜೊತೆಗೇ ತಂದಿವೆ. ಅಪರೂಪ, ಆದರೆ ಆಗುತ್ತದೆ. ಟೆಸ್ಟ್ ಮಾಡಿ ಖಾತ್ರಿ ಮಾಡಿಕೊಳ್ಳೋಣ."

"ಅಂದರೆ, ಇದೆಲ್ಲ ನನ್ನಿಂದಲೇ..."

"ಹೌದು, ನಿಮ್ಮಿಂದಲೇ. ಹೋದ ಮಳೆಗಾಲದಲ್ಲಿ ಮನೆಮಂದಿಯೆಲ್ಲ ಜ್ವರದಲ್ಲಿ ಮಲಗಿದ್ದಾಗ ಇವರೊಬ್ಬರೇ ಗಂಜಿ ಮಾಡಿ ಬಡಿಸಿದರಂತಲ್ಲ? ಅದೂ ನಿಮ್ಮಿಂದಲೇ."

ಕಾರ್ಖಾನೆಗಳ ಪ್ರದೇಶವಾದ ವಾಗ್ಳೆ ಎಸ್ಟೇಟಿನ ತನ್ನ ಕ್ಯಾಂಟೀನಿನಲ್ಲಿ ಯಾರಾದರೂ ಮೈ ನೋಡಿ ತಮಾಷೆ ಮಾಡಿದರೆ ತಾನೂ ಕೂಡಿ ನಗುತ್ತಿದ್ದ ದಯಾನಂದ, ಬೆನ್ನು ನೆಟ್ಟಗೆ ಮಾಡಿಕೊಂಡು ಅಕ್ಕನ ಮಂಚದ ಬಳಿ ಹೋಗಿ ನಿಂತ.

"ಅಕ್ಕ, ಇನ್ನು ಸೀಗಡಿ ನಿನಗೂ ಇಲ್ಲ."

"ಹೋಗ್ಲಿ ಬಿಡು. ಅಷ್ಟು ಚಂದದ ಮಸಾಲೆ ಹಾಳಾಯ್ತಲ್ಲ ಅಂತ ಮಾತ್ರ ಬೇಜಾರು" ಎಂದಳು ಹರಿಣಾಕ್ಷಿ. ಅಷ್ಟರಲ್ಲಿ ಕೇರಳದ ನರ್ಸಮ್ಮ ಫೈಲು ಬಿಡಿಸಿಕೊಂಡು ಬಂದು, ಈ ಅಲರ್ಜಿ ಯಾವಾಗಿನಿಂದ ಎಂದು ಕೇಳಿದಳು. ಹರಿಣಾಕ್ಷಿ ದಯಾನಂದನ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡು, ಇನ್ನೂ ಬಾತಿದ್ದ ತುಟಿಯಲ್ಲಿ, ವಾರ್ಡಿನ ಆ ತುದಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಬರೆದುಕೊಳ್ಳಿ ಸಿಸ್ಟರ್. ಇವನು ಹುಟ್ಟಿದಾಗಿನಿಂದ."