ಗ್ರಾಹಕರು ಕಾಯುತ್ತಾರೆ

ಡಾಕ್ಟರಮ್ಮ ಮುದ್ರಣಾಲಯಕ್ಕೆ ನುಗ್ಗಿದವಳೇ ತನ್ನ ಆಸ್ಪತ್ರೆಯ ಕರಪತ್ರವನ್ನು ಕರಡು ತಿದ್ದುವ ಪ್ರೂಫಕ್ಕನ ಮೇಜಿನ ಮೇಲಿಟ್ಟು, "ಎರಡನೇ ಪ್ಯಾರಾ ಗಟ್ಟಿಯಾಗಿ ಓದಿ," ಎಂದಳು.

ಪ್ರೂಫಕ್ಕ ಕನ್ನಡಕ ಏರಿಸಿದಳು. "ಗರ್ಭಕೋಶದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನಿನ ಗ್ರಾಹಕರು ಬಹಳ ಮಂದಿ ಇರುತ್ತಾರೆ. ಯೋನಿಯ ಗೋಡೆಯಲ್ಲೂ ಸಾಲಾಗಿ ನಿಂತಿರುತ್ತಾರೆ. ಈಸ್ಟ್ರೋಜನ್ ಬಂದೊಡನೆ ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ..." ಅಷ್ಟರಲ್ಲಿ ಅವಳ ದನಿ ಹಗ್ಗ ಕಳಚಿದ ಬಿಂದಿಗೆಯಂತೆ ಮುಳುಗಿತು. ಯಂತ್ರದ ಪಕ್ಕ ಕಾಗದ ಎಣಿಸುತ್ತಿದ್ದ ಮಾಲೀಕ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದ.

"ನಾನು ಬರೆದದ್ದು ಗ್ರಾಹಕಗಳು ಅಂತ. ಜೀವಕೋಶದೊಳಗೆ ಹಾರ್ಮೋನು ಹಿಡಿಯೋ ಕೊಕ್ಕೆಗಳು. ನೀವು ಗರ್ಭಕೋಶಕ್ಕೆ ಗಿರಾಕಿಗಳನ್ನ ಕರೆಸಿದ್ದೀರಿ."

ಇಪ್ಪತ್ತೆರಡು ವರ್ಷ ಒಂದು ಕೊಂಬು, ಒಂದು ದೀರ್ಘ ತಪ್ಪಿಸಿಕೊಳ್ಳಲು ಬಿಡದ ಪ್ರೂಫಕ್ಕನಿಗೆ ಆ 'ಗ್ರಾಹಕಗಳು' ಅನ್ನದಲ್ಲಿ ಸಿಕ್ಕ ಕಲ್ಲಾಗಿತ್ತು. ಮನುಷ್ಯರಿಗೆ 'ಗಳು' ಹಚ್ಚುವುದುಂಟೇ ಎಂದು ಹನ್ನೊಂದು ಕಡೆ ತಿದ್ದಿ, ಕ್ರಿಯಾಪದಗಳಿಗೂ ಮರ್ಯಾದೆ ಕಲಿಸಿದ್ದಳು. ಅರ್ಥದ ಕಡೆ ಮಾತ್ರ ಕಣ್ಣು ಹಾಯಿಸಿರಲಿಲ್ಲ. ಹಾಯಿಸಲು ಧೈರ್ಯವಿರಲಿಲ್ಲ. ಮುಟ್ಟು ನಿಂತು ಮೂರು ವರ್ಷವಾಗಿತ್ತು; ಗಂಡ ಪಕ್ಕಕ್ಕೆ ಬಂದರೆ ಒಳಗೆ ಮರಳುಕಾಗದ ಉಜ್ಜಿದಂಥ ಉರಿ. ಹೇಳಲು ಬಾಯಿ ಬಾರದೆ, ನೀವು ಗೊರಕೆ ಹೊಡೀತೀರಿ ಎಂದು ನೆಪ ಹೂಡಿ ಅವನ ಹಾಸಿಗೆಯನ್ನು ನಡುಮನೆಗೆ ಸಾಗಿಸಿದ್ದಳು. ಜನ್ಮದಲ್ಲಿ ಗೊರಕೆ ಹೊಡೆಯದ ಆ ಬಡಪಾಯಿ ಅಂದಿನಿಂದ ದಿನಾ ಮೂಗಿಗೆ ಹನಿ ಬಿಟ್ಟುಕೊಂಡು, ಒಳಗೆ ಕರೆದಾಳೆಂದು ಕಾಯುತ್ತಿದ್ದ.

ಬೇರೆ ಅಚ್ಚು ಹಾಕಿಸುತ್ತೇನೆ, ಉಳಿದ ಪ್ರತಿಗಳನ್ನು ವಾಪಸ್ ಕಳಿಸಿ ಎಂದಳು ಪ್ರೂಫಕ್ಕ. ಒಂದೂ ಉಳಿದಿಲ್ಲ ಎನ್ನುತ್ತಾ ಡಾಕ್ಟರಮ್ಮ ಸ್ಟೂಲಿನ ಮೇಲೆ ಕುಳಿತಳು. ಇಷ್ಟು ವರ್ಷ ಅವಳ ಕರಪತ್ರಗಳು ಬೀಸಣಿಗೆಯಾಗಿದ್ದವು, ಮಕ್ಕಳ ಕೈಯಲ್ಲಿ ದೋಣಿಯಾಗಿದ್ದವು. ಈ ಸಲ ಹೆಂಗಸರು ಮುಸಿಮುಸಿ ನಗುತ್ತಾ ಓದಿ, ಅತ್ತಿಗೆಗೆ, ನಾದಿನಿಗೆ, ಬೀಗಿತಿಗೆ ದಾಟಿಸಿದ್ದರು. ಎಪ್ಪತ್ತರ ಅಜ್ಜಿಯೊಬ್ಬಳು ನಿನ್ನೆ ಬಂದು, ನಮ್ಮಂಗಡಿ ಮುಚ್ಚಿ ಕಾಲವಾಯಿತು, ಒಮ್ಮೆ ನೋಡಿಬಿಡು ಎಂದಿದ್ದಳಂತೆ.

"ಇನ್ನೆರಡು ಸಾವಿರ ಬೇಕು. ತಪ್ಪು ಹಾಗೇ ಇರಲಿ."

ಗೊತ್ತಿದ್ದೂ ತಪ್ಪು ಅಚ್ಚು ಹಾಕುವುದೇ ಎಂದು ಪ್ರೂಫಕ್ಕ ಗೊಣಗಿದಳು. ಕೆಂಪು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಆಮೇಲೆ ಮಾಲೀಕನತ್ತ ಓರೆನೋಟ ಬೀರಿ, ದನಿ ತಗ್ಗಿಸಿದಳು.

"ಡಾಕ್ಟ್ರೇ, ಮುಟ್ಟು ನಿಂತ್ಮೇಲೆ ಈ ಗ್ರಾಹಕರು ಬಿಟ್ಟು ಹೋಗ್ತಾರಾ?"

ಡಾಕ್ಟರಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. "ಎಲ್ಲಿಗೂ ಹೋಗಲ್ಲ. ಸರಕು ಬರೋದು ನಿಂತಿರುತ್ತೆ, ಅಷ್ಟೆ. ಒಂಚೂರು ಮುಲಾಮು ಕೊಡ್ತೀನಿ, ಒಳಗೆ ಹಚ್ಕೊಳ್ಳಿ. ಹಿಡ್ಕೋತಾರೆ. ಸಂಜೆ ಬನ್ನಿ, ಮೊದಲು ಪರೀಕ್ಷೆ ಮಾಡೋಣ."

ಅವಳು ಹೋದ ಮೇಲೆ ಪ್ರೂಫಕ್ಕ ಗಂಡನಿಗೆ ಫೋನು ಹಚ್ಚಿದಳು.

"ಮೂಗಿಗೆ ಬಿಟ್ಕೊಂಡಿದ್ದು ಸಾಕು," ಎಂದಳು. "ಆ ಗೊರಕೆ ಅಚ್ಚಿನ ತಪ್ಪು."